ಭರಣಿಗೆ ಮುಂಚೆ ಬುಟ್ಟಿ



ಕ್ರಿಸ್‌ಮಸ್ ಇನ್ನೂ ತಿಂಗಳು ಎರಡು ತಿಂಗಳು ಇರುವಾಗಲೇ ಮಂಗಳೂರು, ಬೆಂಗಳೂರುಗಳ ಹಲವು ಕ್ರೈಸ್ತ ಮನೆಗಳಲ್ಲಿ ದ್ರಾಕ್ಷಿ ವೈನಿನ ಮಾತು ಶುರುವಾಗುತ್ತದೆ. ಕೊಡಗಿನಲ್ಲಾದರೆ ಅದಕ್ಕೆ ಹಬ್ಬವೇ ಬೇಕಿಲ್ಲ. ಮಡಿಕೇರಿಯ ಪೇಟೆಯಲ್ಲಿ ಜೇನು, ಕಾಫಿಪುಡಿ, ಕಾಳುಮೆಣಸುಗಳ ಪಕ್ಕದಲ್ಲೇ ‘ಹೋಮ್‌ಮೇಡ್ ವೈನ್’ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ವೈನ್ ಮಾಡುವ ಬಗೆ ಹೇಳಿ ಎಂದು ಯಾರನ್ನಾದರೂ ಕೇಳಿ ನೋಡಿ. ಸಕ್ಕರೆ ಎಷ್ಟು, ಯೀಸ್ಟ್ ಎಷ್ಟು, ಎಷ್ಟು ದಿನ ಮುಚ್ಚಿಡಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳುತ್ತಾರೆ. ಹಣ್ಣಿನ ವಿಷಯ ಮಾತ್ರ ‘ಒಂದು ಕಿಲೋ ದ್ರಾಕ್ಷಿ ತೊಳೆದುಕೊಂಡು’ ಎಂಬ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ. ಇವತ್ತು ಆ ಅರ್ಧ ಸಾಲನ್ನೇ ಬಿಡಿಸಿ ಹೇಳಬೇಕೆಂದಿದ್ದೇನೆ. ಯಾಕೆಂದರೆ ವೈನ್ ಕೆಡುವುದಿದ್ದರೆ ಅದು ಹೆಚ್ಚಾಗಿ ಅಲ್ಲೇ ಕೆಟ್ಟಿರುತ್ತದೆ.

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹುದುಗು ಬಂದ ಹಣ್ಣಿನ ರಸವೂ ಆ ಲೆಕ್ಕಕ್ಕೇ ಸೇರುತ್ತದೆ. ಸಂಪ್ರದಾಯ ಇದೆ, ಹಬ್ಬ ಇದೆ ಎಂಬ ಕಾರಣಕ್ಕೆ ಕಾಯ್ದೆ ಬದಲಾಗುವುದಿಲ್ಲ. ಆದ್ದರಿಂದ ಕೈ ಹಾಕುವ ಮುಂಚೆ ನಿಮ್ಮ ಊರಿನ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಲ್ಲಿನ ನಿಯಮ ಬೇರೆ. ಅಮೆರಿಕದ ಕೇಂದ್ರ ಕಾನೂನು ಮನೆಬಳಕೆಗೆಂದು ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ವೈನ್ ಮಾಡಿಕೊಳ್ಳಲು ಬಿಡುತ್ತದೆ, ಮಾರುವುದಕ್ಕೆ ಬಿಡುವುದಿಲ್ಲ. ವೈನಿನ ಗೋಜೇ ಬೇಡ ಎನ್ನುವವರಿಗೂ ಈ ಮಾತು ದಂಡವಾಗದು. ಹಣ್ಣು ಆರಿಸಿ, ತೊಳೆದು, ಹಿಸುಕಿ, ಶುದ್ಧವಾದ ರಸ ತೆಗೆಯುವ ಕ್ರಮ ಸ್ಕ್ವಾಶ್‌ಗೂ ಶರಬತ್ತಿಗೂ ಬಹುಮಟ್ಟಿಗೆ ಇದೇ.

ನಮ್ಮಲ್ಲಿ ಬೇರೂರಿದ ಒಂದು ನಂಬಿಕೆಯಿದೆ. ಸಂಜೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಅಡಿಯಲ್ಲಿ ಉಳಿದ, ಅರ್ಧ ಒಡೆದ, ನೀರು ಬಿಟ್ಟ ದ್ರಾಕ್ಷಿ ಅಗ್ಗಕ್ಕೆ ಸಿಗುತ್ತದೆ. ‘ಹೇಗಿದ್ದರೂ ಕೊಳೆಯಿಸುವುದೇ ತಾನೆ, ವೈನಿಗೆ ಸಾಕು’ ಎಂದು ಅದನ್ನೇ ತರುವವರಿದ್ದಾರೆ. ಕೊಳೆಯುವುದೇ ಬೇರೆ, ಹುದುಗುವುದೇ ಬೇರೆ. ಹುದುಗುವಾಗ ಯೀಸ್ಟ್ ಎಂಬ ಒಂದೇ ಜಾತಿಯ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಕೊಳೆಯುವಾಗ ಬೂಷ್ಟು, ಬ್ಯಾಕ್ಟೀರಿಯಾ, ಕಾಡು ಯೀಸ್ಟು ಎಲ್ಲವೂ ಒಟ್ಟಿಗೆ ಮುತ್ತಿಕೊಂಡು ತಮ್ಮ ತಮ್ಮ ಕೆಲಸ ಮಾಡುತ್ತವೆ.

ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಲೂಯಿ ಪಾಶ್ಚರ್. ಫ್ರಾನ್ಸಿನ ವೈನುಗಳು ಹುಳಿಯಾಗಿ, ಕಹಿಯಾಗಿ, ಅಂಟಂಟಾಗಿ ಕೆಡುತ್ತಿದ್ದಾಗ, 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದರ ಕಾರಣ ಹುಡುಕುವಂತೆ ಅವರನ್ನು ಕೇಳಿಕೊಂಡ. 1866ರಲ್ಲಿ ಪಾಶ್ಚರ್ ತಮ್ಮ ಅಧ್ಯಯನವನ್ನು ಪುಸ್ತಕವಾಗಿ ಹೊರತಂದರು. ವೈನಿಗೆ ಬರುವ ಒಂದೊಂದು ಕಾಯಿಲೆಯ ಹಿಂದೆಯೂ ಒಂದೊಂದು ಸೂಕ್ಷ್ಮಜೀವಿ ಇದೆ ಎಂಬುದು ಅದರ ಸಾರ. ಇವತ್ತು ನಾವು ಹಾಲಿನ ಪ್ಯಾಕೆಟ್ಟಿನ ಮೇಲೆ ಓದುವ ‘ಪಾಶ್ಚರೀಕರಣ’ ಹಾಲಿಗೆ ಬರುವ ಮೊದಲು ವೈನಿಗಾಗಿಯೇ ಹುಟ್ಟಿದ್ದು. ಹಣ್ಣನ್ನು ಸಿದ್ಧಪಡಿಸುವುದು ಎಂದರೆ ಬೇಡದ ಜೀವಿಗಳನ್ನು ಬಾಗಿಲಲ್ಲೇ ತಡೆದು, ಬೇಕಾದ ಒಂದಕ್ಕೆ ಮನೆ ಹಸನು ಮಾಡಿಕೊಡುವುದು. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಇದಕ್ಕಾಗಿಯೇ.

ಈಗ ಆರಿಸುವ ಕೆಲಸಕ್ಕೆ ಬರೋಣ. ನಮ್ಮ ಕಡೆ ಮನೆ ವೈನಿಗೆ ಹೆಚ್ಚು ಬಳಕೆಯಾಗುವುದು ‘ಬೆಂಗಳೂರು ನೀಲಿ’ ದ್ರಾಕ್ಷಿ. ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ತಳಿ ಇದು. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಸಿಪ್ಪೆ ದಪ್ಪ, ಬಣ್ಣ ಕಡುನೀಲಿ, ಒಳಗೆ ಬೀಜ, ತಿರುಳಲ್ಲಿ ಹುಳಿ ಸ್ವಲ್ಪ ಮುಂದು. ಹಣ್ಣನ್ನು ಹಿಸುಕಿದರೆ ತಿರುಳು ಉಂಡೆಯಾಗಿ ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಬಣ್ಣವೆಲ್ಲ ಸಿಪ್ಪೆಯಲ್ಲಿದೆ, ತಿರುಳಿನಲ್ಲಿಲ್ಲ. ಕೆಂಪು ವೈನ್ ಬೇಕಾದವರು ಸಿಪ್ಪೆಯನ್ನು ರಸದ ಜೊತೆಗೇ ಬಿಡಬೇಕಾದದ್ದು ಅದಕ್ಕಾಗಿ.

ದ್ರಾಕ್ಷಿಯ ವಿಷಯದಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ ಮಾತೆಂದರೆ, ಬಳ್ಳಿಯಿಂದ ಬಿಡಿಸಿದ ಮೇಲೆ ಅದು ಹಣ್ಣಾಗುವುದಿಲ್ಲ. ಮನೆಯಲ್ಲಿ ಎಷ್ಟು ದಿನ ಇಟ್ಟರೂ ಬಾಡುತ್ತದೆಯೇ ಹೊರತು ಮಾಗದು. ಕಿತ್ತಳೆ, ಅನಾನಸುಗಳೂ ಹಾಗೆಯೇ. ಬಾಳೆ, ಮಾವು, ಪರಂಗಿ, ಸಪೋಟ ಇವು ಮಾತ್ರ ಕಿತ್ತ ಮೇಲೂ ಮಾಗುತ್ತವೆ. ಆದ್ದರಿಂದ ದ್ರಾಕ್ಷಿಯನ್ನು ಕೊಳ್ಳುವಾಗಲೇ ಪರೀಕ್ಷಿಸಬೇಕು. ಗೊಂಚಲಿನ ಮೇಲ್ಭಾಗದ ಹಣ್ಣು ಬೇಗ ಮಾಗುತ್ತದೆ, ತುದಿಯದು ತಡವಾಗಿ. ಹಾಗಾಗಿ ತುದಿಯ ಹಣ್ಣನ್ನು ಬಾಯಿಗೆ ಹಾಕಿಕೊಳ್ಳಿ. ಅದೂ ಸಿಹಿಯಾಗಿದ್ದರೆ ಗೊಂಚಲು ಪೂರ್ತಿ ಮಾಗಿದೆ ಎಂದು ಲೆಕ್ಕ. ಬೀಜವನ್ನು ಉಗುಳಿ ನೋಡಿ. ಕಂದು ಬಣ್ಣವಾದರೆ ಸರಿ, ಹಸಿರಾಗಿದ್ದರೆ ಇನ್ನೂ ಎಳೆಯದು. ಬೆಳೆಗಾರರು ಒಂದು ಹನಿ ರಸವನ್ನು ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ‘ಬ್ರಿಕ್ಸ್’ ನೋಡುತ್ತಾರೆ. 16 ಬ್ರಿಕ್ಸ್ ಎಂದರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಡಿಮೆ 16 ಗ್ರಾಂ ಸಕ್ಕರೆ. ಈ ಅಂಕಿ ಮುಂದೆ ಬೇಕಾಗುತ್ತದೆ, ಮನಸ್ಸಿನಲ್ಲಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ ಬಿಳಿ ಬಟ್ಟೆ ಹಾಸಿ ಹಣ್ಣು ಹರಡಿ ಕೂತುಕೊಳ್ಳಿ. ಒಡೆದದ್ದು, ಬೂಷ್ಟು ಹಿಡಿದದ್ದು, ಹುಳಿವಾಸನೆ ಬಂದದ್ದು, ಸುಕ್ಕಾದದ್ದು, ಹಸಿರುಗಾಯಿ ಎಲ್ಲವನ್ನೂ ಆಚೆ ಹಾಕಿ. ಮಲೆನಾಡಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು ಮರದಿಂದ ಬಿದ್ದ ಮಿಡಿಯನ್ನಾಗಲಿ, ಪೆಟ್ಟು ತಿಂದದ್ದನ್ನಾಗಲಿ ಭರಣಿಗೆ ಸೇರಿಸುವುದಿಲ್ಲವಲ್ಲ, ಇಲ್ಲಿಯೂ ಅದೇ ಕಟ್ಟುನಿಟ್ಟು ಬೇಕು. ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನು ಹಾಕೋಣ ಎನ್ನುವ ಉಳಿತಾಯ ಸೇಬಿನಂಥ ದೊಡ್ಡ ಹಣ್ಣಿನ ಸಣ್ಣ ಪೆಟ್ಟಿಗೆ ನಡೆಯಬಹುದು, ಬೂಷ್ಟಿಗೆ ನಡೆಯದು. ದ್ರಾಕ್ಷಿಯ ಮೇಲೆ ಬೆಳೆಯುವ ಕೆಲವು ಕಪ್ಪು ಬೂಷ್ಟುಗಳು ಓಕ್ರಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಹುದುಗಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಇನ್ನು ಒಡೆದ ಹಣ್ಣಿನ ಸುತ್ತ ಗುಂಯ್ ಎನ್ನುವ ಸಣ್ಣ ನೊಣಗಳು ತಮ್ಮ ಕಾಲಲ್ಲಿ ವಿನೆಗರಿನ ಬ್ಯಾಕ್ಟೀರಿಯಾ ಹೊತ್ತು ತರುತ್ತವೆ. ವೈನ್ ಮಾಡಲು ಹೊರಟು ವಿನೆಗರ್ ಪಡೆಯುವ ದಾರಿ ಅದು.

ಆರಿಸಿದ ಮೇಲೆ ತೊಳೆಯುವುದು. ಫ್ರಾನ್ಸಿನ ಹಳ್ಳಿಗಳಲ್ಲಿ ವೈನಿನ ದ್ರಾಕ್ಷಿಯನ್ನು ಸಾಮಾನ್ಯವಾಗಿ ತೊಳೆಯುವುದಿಲ್ಲ ಎಂದು ಓದಿ ಕೆಲವರು ಇಲ್ಲಿಯೂ ಹಾಗೆಯೇ ಮಾಡುತ್ತಾರೆ. ಆ ತೋಟದವರಿಗೆ ಯಾವಾಗ ಏನು ಸಿಂಪಡಿಸಿದ್ದೇವೆ ಎಂಬುದು ಗೊತ್ತು. ಸಂತೆಯಲ್ಲಿ ಕೊಂಡ ನಮಗೆ ಗೊತ್ತಿಲ್ಲ. ದ್ರಾಕ್ಷಿಗೂ ಸಿಂಪಡಣೆಗೂ ಹಳೆಯ ನಂಟು. ಅಡಿಕೆ ಬೆಳೆಗಾರರೆಲ್ಲ ಬಲ್ಲ ಬೋರ್ಡೋ ದ್ರಾವಣ, ಅದೇ ಮೈಲುತುತ್ತ ಮತ್ತು ಸುಣ್ಣದ ನೀರು, ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲಿರಲಿಲ್ಲ ಎಂಬುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಅಡಿಕೆ ತೋಟಗಳ ಕೊಳೆರೋಗಕ್ಕೆ ಅದೇ ದ್ರಾವಣವನ್ನು ತಂದರು. ಬಳ್ಳಿಗೆ ಒಳ್ಳೆಯದಾದ ಈ ದ್ರಾವಣದ ತಾಮ್ರವಾಗಲಿ, ಸಿಂಪಡಿಸುವ ಗಂಧಕವಾಗಲಿ ಭರಣಿಗೆ ಒಳ್ಳೆಯದಲ್ಲ. ತಾಮ್ರ ಹೆಚ್ಚಾದರೆ ಯೀಸ್ಟ್ ಸೊರಗುತ್ತದೆ. ಗಂಧಕದ ಪುಡಿ ಉಳಿದರೆ ವೈನಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಗೊಂಚಲನ್ನು ಇಡಿಯಾಗಿಯೇ ತೊಳೆಯಿರಿ. ಹಣ್ಣು ಬಿಡಿಸಿಕೊಂಡು ತೊಳೆದರೆ ತೊಟ್ಟು ಕಿತ್ತ ತೂತಿನಿಂದ ನೀರು ಒಳಗೆ ಸೇರುತ್ತದೆ, ರಸ ಹೊರಗೆ ಹೋಗುತ್ತದೆ. ಅಗಲ ಪಾತ್ರೆಯ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಮೂರು ನೀರು ಬದಲಿಸಿ. ಆಮೇಲೆ ಬಿದಿರಿನ ಜರಡಿಯಲ್ಲೋ ಬಟ್ಟೆಯ ಮೇಲೋ ಹರಡಿ ನೆರಳಲ್ಲಿ ಆರಲು ಬಿಡಿ. ಮೈಮೇಲೆ ಉಳಿದ ನೀರೆಲ್ಲ ರಸವನ್ನು ತೆಳು ಮಾಡುತ್ತದೆ. ದ್ರಾಕ್ಷಿಯ ಮೇಲಿರುವ ಬೂದಿಬಣ್ಣದ ಪೊರೆಯೇ ಯೀಸ್ಟ್, ಅದನ್ನು ತೊಳೆದರೆ ವೈನ್ ಆಗುವುದಿಲ್ಲ ಎಂಬ ಮಾತೂ ಇದೆ. ಅದು ಹಣ್ಣು ತನ್ನ ಮೈಗೆ ಹೊದ್ದುಕೊಂಡ ಮೇಣ. ಅದರ ಮೇಲೆ ಕಾಡು ಯೀಸ್ಟುಗಳು ಕೂತಿರುತ್ತವೆ, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಸ್ವಲ್ಪ ಮದ್ಯಸಾರ ಹುಟ್ಟುತ್ತಲೇ ಸೋತುಬಿಡುತ್ತವೆ. ಕೊನೆಯವರೆಗೂ ದುಡಿಯುವ ವೈನಿನ ಯೀಸ್ಟ್ ಆರೋಗ್ಯವಾದ ಹಣ್ಣಿನ ಮೇಲೆ ಇರುವುದು ತೀರಾ ಕಡಿಮೆ. ಅದನ್ನು ನಾವೇ ಹಾಕಬೇಕು. ಆದ್ದರಿಂದ ಧೈರ್ಯವಾಗಿ ತೊಳೆಯಿರಿ.

ಹಣ್ಣು ಆರಿದ ಮೇಲೆ ಗೊಂಚಲಿನ ಕಡ್ಡಿಯಿಂದ ಬಿಡಿಸಿ. ಹಸಿರು ಕಡ್ಡಿ ರಸದಲ್ಲಿ ನೆನೆದರೆ ಹುಲ್ಲಿನ ವಾಸನೆ, ಒಗರು ಎರಡೂ ಬರುತ್ತವೆ. ಇನ್ನು ಜಜ್ಜುವುದು. ಇಲ್ಲಿ ನನ್ನದೊಂದು ಕೋರಿಕೆ: ದಯವಿಟ್ಟು ಮಿಕ್ಸಿ ಬೇಡ. ಮಿಕ್ಸಿಯ ಅಲಗು ಬೀಜವನ್ನೂ ಕತ್ತರಿಸುತ್ತದೆ. ದ್ರಾಕ್ಷಿ ಬೀಜದಲ್ಲಿ ಎಣ್ಣೆಯಿದೆ, ಗಡುಸಾದ ಒಗರಿದೆ. ಒಮ್ಮೆ ಆ ಕಹಿ ರಸಕ್ಕಿಳಿಯಿತೆಂದರೆ ಸಕ್ಕರೆ ಎಷ್ಟು ಸುರಿದರೂ ಹೋಗುವುದಿಲ್ಲ. ಕೈ ಚೆನ್ನಾಗಿ ತೊಳೆದುಕೊಂಡು ಹಿಸುಕಿ. ಇಲ್ಲವೇ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಮರದ ಕಡಗೋಲಿನಿಂದ ಮೆತ್ತಗೆ ಒತ್ತಿ. ಪ್ರತಿ ಹಣ್ಣಿನ ಸಿಪ್ಪೆ ಸೀಳಬೇಕು, ಬೀಜ ಇಡಿಯಾಗಿರಬೇಕು. ಅಷ್ಟಾದರೆ ಸಾಕು. ಪೂರ್ತಿ ಪೇಸ್ಟ್ ಮಾಡುವ ಅಗತ್ಯವಿಲ್ಲ; ಉಳಿದದ್ದನ್ನು ಯೀಸ್ಟ್ ನೋಡಿಕೊಳ್ಳುತ್ತದೆ.

ಇನ್ನೊಂದು ಸುಲಭ ಉಪಾಯ ಫ್ರೀಜರ್. ಹಣ್ಣಿನೊಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಜೀವಕೋಶಗಳ ಗೋಡೆಯನ್ನು ಒಡೆಯುತ್ತದೆ. ಆಮೇಲೆ ಕರಗಲು ಬಿಟ್ಟರೆ ರಸ ತಾನಾಗಿ ಇಳಿಯುತ್ತದೆ, ಬಣ್ಣವೂ ಚೆನ್ನಾಗಿ ಬಿಡುತ್ತದೆ. ನೇರಳೆಯಂತೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಸಿಗುವ ಹಣ್ಣನ್ನು ಕೂಡಿಹಾಕುವುದಕ್ಕೂ ಇದು ಅನುಕೂಲ. ಆದರೆ ಹೆಪ್ಪುಗಟ್ಟಿದರೆ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ, ಸುಮ್ಮನಾಗುತ್ತವೆ ಅಷ್ಟೆ. ಆದ್ದರಿಂದ ಆರಿಸಿ ತೊಳೆದ ಮೇಲೆಯೇ ಫ್ರೀಜರಿಗೆ ಹಾಕಬೇಕು.

ಜಜ್ಜಿದ ಹಣ್ಣಿಗೆ ಕಾವಲು ಬೇಕು. ಹಣ್ಣು ಸಂರಕ್ಷಣೆಯ ತರಬೇತಿ ಪಡೆದವರಿಗೆ ‘ಕೆಎಂಎಸ್’ ಪರಿಚಯವಿರುತ್ತದೆ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಸ್ಕ್ವಾಶ್ ಕೆಡದಂತೆ ಹಾಕುವ ಬಿಳಿ ಪುಡಿ ಅದೇ. ಹುಳಿರಸದಲ್ಲಿ ಕರಗಿ ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಬ್ಯಾಕ್ಟೀರಿಯಾ, ಕಾಡು ಯೀಸ್ಟುಗಳನ್ನು ಹತ್ತಿಕ್ಕುತ್ತದೆ, ರಸ ಕಂದಾಗದಂತೆ ತಡೆಯುತ್ತದೆ. ಬೇಕಾದದ್ದು ಬಹಳ ಕಡಿಮೆ, 5 ಲೀಟರ್ ರಸಕ್ಕೆ ಅರ್ಧ ಗ್ರಾಂ. ‘ಒಂದು ಚಿಟಿಕೆ’ ಎಂದರೆ ಒಬ್ಬೊಬ್ಬರ ಬೆರಳಿಗೆ ಒಂದೊಂದು ಅಳತೆ. ಅದಕ್ಕಾಗಿ 10 ಗ್ರಾಂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿಕೊಳ್ಳಿ. ಆ ನೀರಿನ 50 ಮಿಲಿಲೀಟರಿನಲ್ಲಿ ಸರಿಯಾಗಿ ಅರ್ಧ ಗ್ರಾಂ ಇರುತ್ತದೆ. ಹಾಕಿ ಕಲಸಿ, ಬಟ್ಟೆ ಮುಚ್ಚಿ, ಒಂದು ಇಡೀ ದಿನ ಬಿಟ್ಟು ಆಮೇಲೆ ಯೀಸ್ಟ್ ಹಾಕಬೇಕು. ಅವಸರ ಮಾಡಿದರೆ ಯೀಸ್ಟ್ ಕೂಡ ಸೊರಗುತ್ತದೆ. ಆಸ್ತಮಾ ಇರುವವರಿಗೆ ಈ ವಸ್ತು ತೊಂದರೆ ಕೊಡಬಹುದು. ಅಂಥವರು ಪುಡಿಯ ಘಾಟಿನಿಂದಲೂ ದೂರವಿರಲಿ.

ಈಗ ಬ್ರಿಕ್ಸಿನ ಲೆಕ್ಕಕ್ಕೆ ಬರುತ್ತೇನೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ ಹುಟ್ಟುತ್ತದೆ. 16 ಬ್ರಿಕ್ಸಿನ ಮಾಗಿದ ದ್ರಾಕ್ಷಿ ತಾನಾಗಿಯೇ ಶೇಕಡಾ 9ರ ಹತ್ತಿರ ಬರುತ್ತದೆ. ಲೀಟರಿಗೆ 40 ಗ್ರಾಂ ಸಕ್ಕರೆ ಸೇರಿಸಿದರೆ 11 ದಾಟುತ್ತದೆ. ಮನೆ ವೈನಿಗೆ ಅದು ಧಾರಾಳ. ಹಾಗಿದ್ದ ಮೇಲೆ ‘ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ, ಮೇಲಿಂದ ಎರಡು ಲೀಟರ್ ನೀರು’ ಎಂಬ ಲೆಕ್ಕ ಎಲ್ಲಿಂದ ಬಂತು? ಎಳೆಯ ಹಣ್ಣು ತಂದು, ನೀರು ಸುರಿದು ತೆಳು ಮಾಡಿ, ಹೋದ ರುಚಿಯನ್ನು ಸಕ್ಕರೆಯಿಂದ ತುಂಬಿಸುವ ಲೆಕ್ಕ ಅದು. ಹಣ್ಣು ಸರಿಯಾಗಿದ್ದರೆ ದ್ರಾಕ್ಷಿ ವೈನಿಗೆ ನೀರೇ ಬೇಡ. ಕೊಡಗಿನ ಅಂಗಡಿಗಳಲ್ಲಿ ಸಿಗುವ ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸಿನ ವೈನುಗಳಿಗೂ ಇದೇ ಅಳತೆಗೋಲು ಹಿಡಿದು ನೋಡಿ. ಎಲೆಯಲ್ಲೂ ಮೆಣಸಿನಲ್ಲೂ ಹುದುಗುವಷ್ಟು ಸಕ್ಕರೆ ಎಲ್ಲಿದೆ? ಅಲ್ಲಿ ಹುದುಗುವುದು ಸಕ್ಕರೆನೀರು. ಎಲೆ, ಮೆಣಸು ಕೊಡುವುದು ವಾಸನೆ ಮತ್ತು ಖಾರ ಮಾತ್ರ.

ದ್ರಾಕ್ಷಿಯಲ್ಲಿ ಸಕ್ಕರೆ, ಹುಳಿ, ಒಗರು ಮೂರೂ ಹದವಾಗಿ ಕೂಡಿರುತ್ತವೆ. ಉಳಿದ ಹಣ್ಣುಗಳಲ್ಲಿ ಒಂದಿದ್ದರೆ ಒಂದಿಲ್ಲ. ಯಾವ ಹಣ್ಣಿನಲ್ಲಿ ಏನು ಹೆಚ್ಚು, ಏನು ಕಡಿಮೆ ಎಂಬುದನ್ನು ನೋಡಿಕೊಂಡೇ ಅದನ್ನು ಸಿದ್ಧಪಡಿಸಬೇಕು.

ನೇರಳೆಯನ್ನು ತೆಗೆದುಕೊಳ್ಳಿ. ಮುಂಗಾರಿನ ಹೊತ್ತಿಗೆ ಬರುವ ಹಣ್ಣು. ಬಣ್ಣಕ್ಕೆ ಸಾಟಿಯಿಲ್ಲ, ಆದರೆ ಒಗರು ವಿಪರೀತ. ನೆಲಕ್ಕೆ ಬಿದ್ದು ಸೀಳಿದ ಹಣ್ಣಿಗೆ ಮಣ್ಣೂ ನೊಣವೂ ಮುತ್ತಿರುತ್ತವೆ, ಆದ್ದರಿಂದ ಮರದ ಕೆಳಗೆ ಬಟ್ಟೆ ಹಿಡಿದು ಉದುರಿಸಿದ್ದೇ ಆಗಬೇಕು. ಬೀಜ ಒಡೆಯದಂತೆ ಕೈಯಿಂದ ತಿರುಳನ್ನು ಉಜ್ಜಿ ಬಿಡಿಸಿ. ಬೀಜವನ್ನು ಕೂಡಲೇ ತೆಗೆಯಿರಿ, ಸಿಪ್ಪೆಯನ್ನು ಒಂದೆರಡು ದಿನ ಮಾತ್ರ ರಸದಲ್ಲಿ ಬಿಟ್ಟು ಸೋಸಿ. ಹೆಚ್ಚು ದಿನ ಬಿಟ್ಟಷ್ಟೂ ನಾಲಿಗೆ ಹಿಡಿಯುತ್ತದೆ.

ಕರಾವಳಿಯ ಗೇರುಹಣ್ಣಿನ ಪಾಡು ಇನ್ನೊಂದು. ಬೇಸಿಗೆಯಲ್ಲಿ ಗೇರುಬೀಜಕ್ಕೆ ಬೆಲೆ, ಹಣ್ಣಿಗೆ ತೋಟದ ಮಣ್ಣೇ ಗತಿ. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಇರುವ ಹಣ್ಣು ಇದು. ಆದರೆ ಕಿತ್ತ ಮರುದಿನಕ್ಕೇ ಕೆಡುತ್ತದೆ, ಕಂಠ ಹಿಡಿಯುವ ಒಗರು ಬೇರೆ. ಕಿತ್ತ ದಿನವೇ ರಸ ತೆಗೆಯಬೇಕು. ಬೀಜವನ್ನು ತಿರುಚಿ ತೆಗೆಯುವಾಗ ಸಿಪ್ಪೆ ಒಡೆಯದಂತೆ ನೋಡಿಕೊಳ್ಳಬೇಕು; ಗೇರು ಸಿಪ್ಪೆಯ ಎಣ್ಣೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಿಲ್ಲ. ಒಗರು ಇಳಿಸಲು ಸಾಬಕ್ಕಿಯ ಗಂಜಿಯನ್ನೋ ಅನ್ನದ ಗಂಜಿಯನ್ನೋ ತಣಿಸಿ ರಸಕ್ಕೆ ಬೆರೆಸಿ ಅಲುಗಾಡದಂತೆ ಇಡುತ್ತಾರೆ. ಒಗರಿನ ಅಂಶ ಗಂಜಿಯೊಂದಿಗೆ ಸೇರಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಾರೆ.

ಕೊಡಗಿನ ಕಿತ್ತಳೆಯಲ್ಲಿ ತೊಂದರೆ ಇರುವುದು ಬಿಳಿ ನಾರಿನಲ್ಲಿ ಮತ್ತು ಬೀಜದಲ್ಲಿ. ಹಿಂಡಿದ ಕೂಡಲೇ ಕುಡಿದರೆ ಕಹಿ ತಿಳಿಯುವುದಿಲ್ಲ. ರಸ ನಿಂತ ಹಾಗೆಲ್ಲ ಕಹಿ ಹುಟ್ಟುತ್ತದೆ. ತಿಂಗಳುಗಟ್ಟಲೆ ನಿಲ್ಲುವ ವೈನಿನಲ್ಲಿ ಅದರ ಗತಿ ಏನಾದೀತು ಎಂದು ಊಹಿಸಿ. ಸಿಪ್ಪೆ ಸುಲಿದು, ನಾರು ಬಿಡಿಸಿ, ಬೀಜ ತೆಗೆದು, ತೊಳೆಯ ರಸವನ್ನಷ್ಟೇ ಹಿಂಡಬೇಕು. ಪರಿಮಳ ಬೇಕೆಂದರೆ ಹೊರಸಿಪ್ಪೆಯ ಕಿತ್ತಳೆಬಣ್ಣದ ಪದರವನ್ನು ಮಾತ್ರ ತೆಳ್ಳಗೆ ಹೆರೆದು ಸ್ವಲ್ಪ ಹಾಕಬಹುದು. ಅದೇ ಕೊಡಗಿನ ಬೇಲಿಗಳಲ್ಲಿ ಹಬ್ಬುವ ಪ್ಯಾಶನ್ ಫ್ರೂಟಿಗೆ ಸುವಾಸನೆ ಬೇಕಾದಷ್ಟಿದೆ, ಹುಳಿ ಬೇಕಾದ್ದಕ್ಕಿಂತ ಹೆಚ್ಚಿದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ‘ಕಾವೇರಿ’ ಎಂಬ ಸಂಕರ ತಳಿಯನ್ನೇ ಹೊರತಂದಿದೆ. ಹಣ್ಣನ್ನು ಅಡ್ಡ ಕತ್ತರಿಸಿ, ಚಮಚದಲ್ಲಿ ತಿರುಳು ತೋಡಿ, ಕರಿಬೀಜ ಒಡೆಯದಂತೆ ಜರಡಿಯಲ್ಲಿ ಮೆಲ್ಲಗೆ ಉಜ್ಜಿ ರಸ ಇಳಿಸಬೇಕು. ಇಷ್ಟು ಹುಳಿಯಿರುವ ರಸಕ್ಕೆ ನೀರು ಬೆರೆಸುವುದು ನ್ಯಾಯ.

ಬಾಳೆಯದು ಇದಕ್ಕೆ ತದ್ವಿರುದ್ಧ. ಸಿಹಿಯಿದೆ, ಹುಳಿಯಿಲ್ಲ. ಕಾಯಿಯಲ್ಲಿರುವ ಪಿಷ್ಟ ಹಣ್ಣಾದಾಗಲೇ ಸಕ್ಕರೆಯಾಗುವುದು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವವರೆಗೆ ಕಾಯದಿದ್ದರೆ ಪಿಷ್ಟ ಉಳಿದು ವೈನ್ ಎಂದೂ ತಿಳಿಯಾಗದು. ಜೊತೆಗೆ ನಿಂಬೆರಸ ಬೇಕೇ ಬೇಕು. ಹುಳಿ ಕಡಿಮೆಯಾದ ರಸದಲ್ಲಿ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ. ಒಣದ್ರಾಕ್ಷಿ ಹಾಕುವವರಿಗೆ ಒಂದು ಮಾತು: ವಿಜಯಪುರದ ಕಡೆ ದ್ರಾಕ್ಷಿ ಬೇಗ ಒಣಗಲೆಂದು ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅದರ ಜಿಡ್ಡು ಹೋಗಲು ಬಿಸಿನೀರಿನಲ್ಲಿ ತೊಳೆಯಬೇಕು. ಪ್ಲಮ್, ಚೆರ್ರಿ, ಪೀಚ್ ಬಳಸುವವರು ಬೀಜವನ್ನು ಎಂದೂ ಒಡೆಯಬಾರದು. ಅವುಗಳ ಒಳತಿರುಳಿನಲ್ಲಿ ಸಯನೈಡ್ ಬಿಡುವ ವಸ್ತುವಿದೆ.

ಹಣ್ಣನ್ನು ಕುದಿಸಬೇಕೇ ಬೇಡವೇ ಎಂದು ಹಲವರು ಕೇಳುತ್ತಾರೆ. ನಮ್ಮ ಆಯುರ್ವೇದ ಇದನ್ನು ಬಹಳ ಹಿಂದೆಯೇ ವಿಂಗಡಿಸಿ ಇಟ್ಟಿದೆ. ಕಷಾಯ ಕಾಯಿಸಿ ಹುದುಗಿಸಿದ್ದು ಅರಿಷ್ಟ, ಕಾಯಿಸದೆ ಹುದುಗಿಸಿದ್ದು ಆಸವ ಎಂಬ ವ್ಯತ್ಯಾಸವನ್ನು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ದ್ರಾಕ್ಷಾರಿಷ್ಟಕ್ಕೆ ಒಣದ್ರಾಕ್ಷಿಯ ಕಷಾಯವೇ ಆಧಾರ. ಹುದುಗು ಹಿಡಿಸಲು ಧಾತಕಿ ಹೂವು ಹಾಕುತ್ತಾರೆ, ಮಡಕೆಗೆ ಮೊದಲು ತುಪ್ಪ ಸವರಿ ಧೂಪ ಹಿಡಿಯುತ್ತಾರೆ. ಅದು ಔಷಧದ ದಾರಿ. ತಾಜಾ ಹಣ್ಣಿನ ವೈನಿಗೆ ಕುದಿಸುವುದು ಒಳ್ಳೆಯದಲ್ಲ. ಹಣ್ಣಿನ ಪರಿಮಳ ಹೋಗಿ ಜಾಮಿನ ವಾಸನೆ ಬರುತ್ತದೆ. ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಟು ರಸಕ್ಕೆ ಬಿಟ್ಟುಕೊಂಡು ವೈನ್ ಮಂಕಾಗಿಯೇ ಉಳಿಯುತ್ತದೆ. ಸೀಬೆ, ಸೇಬಿನಂಥ ಪೆಕ್ಟಿನ್ ಹೆಚ್ಚಿರುವ ಹಣ್ಣುಗಳಲ್ಲಿ ಇದು ಇನ್ನೂ ಹೆಚ್ಚು.

ಪೆಕ್ಟಿನ್ ಒಡೆದಾಗ ತುಸು ಮೆಥನಾಲ್ ಹುಟ್ಟುತ್ತದೆ ಎಂದು ಕೇಳಿ ಹೆದರುವವರಿದ್ದಾರೆ. ಹೆಸರು ಕೇಳಿದರೆ ಹೆದರಿಕೆಯಾಗುವುದು ಸಹಜ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಮುನ್ನೂರರಷ್ಟು ಜೀವ ತೆಗೆದದ್ದನ್ನು ಹಿರಿಯರು ಮರೆತಿಲ್ಲ. ಹಣ್ಣಿನ ವೈನಿನಲ್ಲಿ ತಾನಾಗಿ ಹುಟ್ಟುವ ಪ್ರಮಾಣ ಅತ್ಯಲ್ಪ, ಅದು ಅಂಥ ಅಪಾಯ ತರುವುದಿಲ್ಲ. ಆದರೆ ವೈನನ್ನು ಕಾಯಿಸಿ ಭಟ್ಟಿ ಇಳಿಸುವ ಸಾಹಸಕ್ಕೆ ಯಾರೂ ಕೈ ಹಾಕಬಾರದು. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಕೊನೆಗೆ ಪಾತ್ರೆ. ಹಣ್ಣಿನ ಹುಳಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ಕರಗಿಸುತ್ತದೆ. ಕಬ್ಬಿಣ ತಾಗಿದರೆ ಒಗರಿನೊಂದಿಗೆ ಸೇರಿ ರಸ ಕಪ್ಪಾಗುತ್ತದೆ. ಗಾಜು, ಸ್ಟೀಲು, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕು, ಬಿರುಕಿಲ್ಲದ ಒಳ್ಳೆಯ ಪಿಂಗಾಣಿ ಭರಣಿ, ಇವಷ್ಟೇ ಸೂಕ್ತ. ಹಳೆಯ ಭರಣಿಗಳ ಮೆರುಗಿನಲ್ಲಿ ಸೀಸ ಇರಬಹುದು, ಅನುಮಾನವಿದ್ದರೆ ಬಿಡಿ. ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ಒಣಗಿಸಿ. ಕಂಠದವರೆಗೆ ತುಂಬಬೇಡಿ, ಕಾಲು ಭಾಗ ಖಾಲಿ ಇರಲಿ. ಹುದುಗು ಬಂದಾಗ ಸಿಪ್ಪೆ ಮೇಲೆದ್ದು ನೊರೆ ಉಕ್ಕುತ್ತದೆ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ 250 ಲೀಟರಿಗೂ ಹೆಚ್ಚು ಅನಿಲ ಹೊರಡುತ್ತದೆ. ಅದಕ್ಕೆ ದಾರಿ ಬಿಡದೆ ಬಿರಡೆ ಬಿಗಿದರೆ ಗಾಜಿನ ಜಾಡಿ ಸಿಡಿಯುತ್ತದೆ. ಮೊದಲ ದಿನಗಳಲ್ಲಿ ಬಾಯಿಗೆ ಒಗೆದು ಕುದಿಸಿದ ತೆಳು ಬಟ್ಟೆ ಕಟ್ಟಿದರೆ ಅನಿಲ ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ.

ರೇಡಿಯೋದಲ್ಲಿ ಕೇಳಿದ್ದನ್ನು ಹಿಂದೆ ತಿರುಗಿಸಿ ನೋಡಲಾಗುವುದಿಲ್ಲವಾದ್ದರಿಂದ ಮುಖ್ಯವಾದದ್ದನ್ನು ಮತ್ತೊಮ್ಮೆ ಹೇಳುತ್ತೇನೆ. ಮಾಗಿದ ಹಣ್ಣನ್ನೇ ಕೊಳ್ಳಿ. ಬೂಷ್ಟು ಕಂಡದ್ದನ್ನು ಮುಲಾಜಿಲ್ಲದೆ ಎಸೆಯಿರಿ. ಗೊಂಚಲನ್ನು ಇಡಿಯಾಗಿ ತೊಳೆದು, ಆರಲು ಬಿಟ್ಟು, ಆಮೇಲೆ ಕಡ್ಡಿ ಬಿಡಿಸಿ. ಬೀಜ ಒಡೆಯದಂತೆ ಹಿಸುಕಿ. ಕೆಎಂಎಸ್ ಹಾಕುವುದಾದರೆ ಅಳತೆ ಮಾಡಿ ಹಾಕಿ, ಒಂದು ದಿನ ಕಾಯಿರಿ. ಹುಳಿ ಕಡಿಮೆಯಿದ್ದರೆ ನಿಂಬೆ, ಹೆಚ್ಚಿದ್ದರೆ ನೀರು. ಒಗರು ಹೆಚ್ಚಿದ್ದರೆ ಸಿಪ್ಪೆಯನ್ನು ಬೇಗ ಬೇರ್ಪಡಿಸಿ.

ವೈನಿನ ಪಾಠ ಬೇಕೆಂದು ಬರುವವರು ಹೆಚ್ಚಾಗಿ ಯೀಸ್ಟಿನ ಹೆಸರು ಕೇಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಯೀಸ್ಟ್ ಪೊಟ್ಟಣದಲ್ಲಿ ಸಿಗುತ್ತದೆ, ಸಕ್ಕರೆ ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟ ಹಣ್ಣನ್ನು ಒಳ್ಳೆಯದು ಮಾಡುವ ವಸ್ತು ಎಲ್ಲಿಯೂ ಸಿಗುವುದಿಲ್ಲ. ತಿನ್ನಲು ಮನಸ್ಸಾಗದ ಹಣ್ಣನ್ನು ಭರಣಿಗೆ ಹಾಕಬೇಡಿ.